ತೊಂಬತ್ತು ದಾಟಿದ ಸಾಬಾನ ದಿನದ ಪಾಠ: ನನ್ನ ಅನುಭವ

ನಾನು ಉಡುಪಿ ಕಡೆಯವನು. ಇಸ್ರೇಲಿನ ಪೆತಾಹ್ ತಿಕ್ವಾದಲ್ಲಿ ಕೇರ್‌ಗಿವರ್ ಕೆಲಸ ಮಾಡುತ್ತೇನೆ. ನಮ್ಮ ಕರಾವಳಿಯ ಬಹಳ ಜನ ಇಲ್ಲಿ ಇದೇ ಕೆಲಸದಲ್ಲಿದ್ದಾರೆ. ನಾನು ನೋಡಿಕೊಳ್ಳುವ ಅಜ್ಜನನ್ನು ಇಲ್ಲಿನ ರೂಢಿಯಂತೆ ಸಾಬಾ ಎಂದು ಕರೆಯುತ್ತೇನೆ. ಕೆಲಸಕ್ಕೆ ಸೇರಿದಾಗ ಮನೆಯವರು ಮಾತ್ರೆಗಳ ಪಟ್ಟಿ ಕೊಟ್ಟರು, ಊಟದ ಪಥ್ಯ ಹೇಳಿದರು. ಸಾಬಾ ಮಾತ್ರ ಒಂದೇ ಪ್ರಶ್ನೆ ಕೇಳಿದರು: "ಬೆಳಿಗ್ಗೆ ಪಾಠಕ್ಕೆ ಕರ್ಕೊಂಡು ಹೋಗ್ತೀಯಲ್ಲ?"

ಪಾಠ ಅಂದರೆ ದಾಫ್ ಯೋಮಿ. ಯಹೂದಿಗಳ ಧರ್ಮಶಾಸ್ತ್ರದ ಚರ್ಚೆಗಳಿರುವ ತಾಲ್ಮುದ್ ಗ್ರಂಥದ ಒಂದು ಹಾಳೆ, ಎರಡೂ ಬದಿ, ದಿನಕ್ಕೊಂದರಂತೆ. 1923ರಲ್ಲಿ ವಿಯೆನ್ನಾದ ಒಂದು ಸಮ್ಮೇಳನದಲ್ಲಿ ರಬ್ಬಿ (ಯಹೂದಿ ಧರ್ಮಗುರು) ಮೈರ್ ಶಪೀರೊ ಈ ಕ್ರಮವನ್ನು ಮುಂದಿಟ್ಟರು. ಒಟ್ಟು 2,711 ಹಾಳೆಗಳು. ಮುಗಿಸಲು ಸುಮಾರು ಏಳೂವರೆ ವರ್ಷ ಬೇಕು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಈಗ ನಡೆಯುತ್ತಿರುವುದು 14ನೇ ಸುತ್ತು, 2020ರ ಜನವರಿ 5ರಂದು ಶುರುವಾದದ್ದು. ಜಗತ್ತಿನ ಯಾವ ಊರಿನಲ್ಲಿದ್ದರೂ ಆ ದಿನ ಎಲ್ಲರೂ ಅದೇ ಹಾಳೆ ಓದುತ್ತಾರೆ.

ನಮ್ಮ ಬೀದಿಯ ಯಹೂದಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಪಾಠ. ಒಂದು ಉದ್ದ ಮೇಜು, ಸುತ್ತ ಹತ್ತು ಹನ್ನೆರಡು ಜನ. ಬಸ್ ಓಡಿಸಿ ನಿವೃತ್ತರಾದವರೊಬ್ಬರು, ಕೆಲಸಕ್ಕೆ ಹೋಗುವ ಮುಂಚೆ ಬಂದು ಕೂರುವ ಪ್ಲಂಬರ್, ಲೆಕ್ಕ ಬರೆಯುವವರೊಬ್ಬರು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ನಾನು ಯಹೂದಿ ಅಲ್ಲ. ತಲೆಗೆ ಕಿಪ್ಪಾ ಎಂಬ ಸಣ್ಣ ಟೋಪಿ ಇಟ್ಟುಕೊಂಡು ಸಾಬಾನ ಹಿಂದೆ ಕೂರುತ್ತೇನೆ. ಯಾರೂ ಬೇಡ ಅಂದಿಲ್ಲ.

ಮೊದಲ ತೊಡಕು ಮಾತ್ರೆಯದು. ನೀರು ಹೋಗುವ ಮಾತ್ರೆಯನ್ನು ಬೆಳಿಗ್ಗೆ ಎದ್ದ ಕೂಡಲೇ ಕೊಡುತ್ತಿದ್ದೆವು. ಪಾಠದ ನಡುವೆ ಎದ್ದು ಹೋಗಬೇಕಾದರೆ ಸಾಬಾಗೆ ಬಹಳ ನಾಚಿಕೆ. ಡಾಕ್ಟರ್ ಹತ್ತಿರ ಕೇಳಿದೆ. ಪಾಠ ಮುಗಿಸಿ ಮನೆಗೆ ಬಂದ ಮೇಲೆ ಕೊಡಿ, ತೊಂದರೆ ಇಲ್ಲ ಅಂದರು. ಡಾಕ್ಟರನ್ನು ಕೇಳದೆ ಯಾರೂ ಹೀಗೆ ಸಮಯ ಬದಲಿಸಬೇಡಿ.

ಎರಡನೆಯದು ಪುಸ್ತಕ. ತಾಲ್ಮುದ್ ಪುಸ್ತಕ ಭಾರಿ ದೊಡ್ಡದು, ತೂಕವೂ ಜಾಸ್ತಿ. ಗಾಲಿಕುರ್ಚಿಯ ಕೈಗಳು ಮೇಜಿನ ಅಡಿಗೆ ಹೋಗುವುದಿಲ್ಲ. ಹಾಗಾಗಿ ಪುಸ್ತಕ ದೂರವೇ ಉಳಿಯುತ್ತಿತ್ತು. ಒಂದು ಪ್ಲೈವುಡ್ ಹಲಗೆ ಕೊಯ್ಯಿಸಿ, ಬಟ್ಟೆ ಹೊದಿಸಿ, ಕೆಳಗಿನ ಅಂಚಿಗೆ ಸಣ್ಣ ಪಟ್ಟಿ ಹೊಡೆದೆ. ಅದನ್ನು ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಇಟ್ಟರೆ ಪುಸ್ತಕ ಜಾರದೆ ಎದೆಯ ಮುಂದೆ ನಿಲ್ಲುತ್ತದೆ. ಆ ಹಲಗೆಯ ಮೇಲೆ ತಿಂಡಿ ತಟ್ಟೆ ಇಡುವುದಿಲ್ಲ, ಅದು ಪುಸ್ತಕಕ್ಕೆ ಮಾತ್ರ. ಪುಸ್ತಕ ಕೆಳಗೆ ಬಿದ್ದರೆ ಇಲ್ಲಿ ಎತ್ತಿ ಮುತ್ತಿಡುತ್ತಾರೆ. ನನಗೆ ಅದನ್ನು ಯಾರೂ ಕಲಿಸಬೇಕಾಗಲಿಲ್ಲ. ನಮ್ಮಲ್ಲೂ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ಅಲ್ವಾ?

ಪುಟ ತೆಗೆದುಕೊಡುವುದನ್ನೂ ಕಲಿತೆ. ಪುಟಸಂಖ್ಯೆ ಹೀಬ್ರೂ ಅಕ್ಷರಗಳಲ್ಲಿ ಇರುತ್ತದೆ. ಅಲೆಫ್ 1, ಬೆತ್ 2, ಯೋದ್ 10, ಕಾಫ್ 20, ಲಾಮೆದ್ 30. ಲಾಮೆದ್ ಮತ್ತು ಗಿಮೆಲ್ ಸೇರಿದರೆ 33. ಹದಿನೈದು ಬರೆಯುವಾಗ 10 ಮತ್ತು 5ರ ಅಕ್ಷರ ಸೇರಿಸುವುದಿಲ್ಲ, ಅದು ದೇವರ ಹೆಸರಿನ ಅಕ್ಷರಗಳಾಗುತ್ತವೆ. 9 ಮತ್ತು 6 ಬರೆಯುತ್ತಾರೆ. ಹೆಚ್ಚುಕಡಿಮೆ ಪ್ರತಿ ಭಾಗವೂ ಎರಡನೇ ಹಾಳೆಯಿಂದಲೇ ಶುರು. ಇಷ್ಟು ಗೊತ್ತಿದ್ದರೆ ಸಾಕು, ಪಾಠ ಶುರುವಾಗುವ ಮೊದಲೇ ಪುಸ್ತಕ ತೆರೆದಿಡಬಹುದು.

ರಬ್ಬಿ ಅದಿನ್ ಸ್ಟೈನ್‌ಸಾಲ್ಟ್ಸ್ ಅವರು 1965ರಿಂದ 2010ರವರೆಗೆ ಕೂತು ಸಿದ್ಧಪಡಿಸಿದ ಆವೃತ್ತಿಯಿದೆ. ಅದರಲ್ಲಿ ಸ್ವರಚಿಹ್ನೆಗಳಿವೆ, ವಿವರಣೆಯೂ ಇದೆ, ಓದಲು ಸುಲಭ. ಸಾಬಾನ ಮಗಳು ಅದನ್ನೇ ತಂದುಕೊಟ್ಟರು. ಸಾಬಾ ವಿಲ್ನಾ ನಗರದಲ್ಲಿ ಅಚ್ಚಾದ ಹಳೆಯ ಮಾದರಿಯದೇ ಬೇಕು ಅಂದರು. ಅದರಲ್ಲಿ ನಡುವೆ ಮೂಲ, ಒಳಬದಿಗೆ ರಾಶಿ ಎಂಬ ಹಳೆಯ ವಿದ್ವಾಂಸರ ವ್ಯಾಖ್ಯಾನ, ಹೊರಬದಿಗೆ ತೋಸಾಫೋತ್ ಅಂದರೆ ಅವರ ನಂತರದ ವಿದ್ವಾಂಸರ ಟಿಪ್ಪಣಿಗಳು. ಈಗ ಅವರಿಗೆ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಆದರೂ ಯಾವ ಮಾತು ಪುಟದ ಯಾವ ಮೂಲೆಯಲ್ಲಿದೆ ಅಂತ ಬೆರಳಿಗೆ ಗೊತ್ತು. ಆ ಬೆರಳಿನ ನೆನಪನ್ನು ಕಿತ್ತುಕೊಳ್ಳುವುದು ಬೇಡ ಅನ್ನಿಸಿತು. ಹಳೆಯದೇ ಇಟ್ಟೆ.

ಕಿವಿ ಯಂತ್ರದ ಸೆಲ್ ಶುಕ್ರವಾರ ಸಂಜೆ ದೀಪ ಹಚ್ಚುವ ಮೊದಲೇ ಬದಲಿಸಿ, ಯಂತ್ರ ಆನ್ ಮಾಡಿಡುತ್ತೇನೆ. ಶಬ್ಬಾತ್, ಅಂದರೆ ವಾರದ ವಿಶ್ರಾಂತಿಯ ದಿನ, ಶುರುವಾದ ಮೇಲೆ ಅವರು ಅದನ್ನು ಮುಟ್ಟುವುದಿಲ್ಲ. ಬಲಗಿವಿ ಚೆನ್ನಾಗಿ ಕೇಳುತ್ತದೆ. ಅದಕ್ಕೆ ಪಾಠ ಹೇಳುವ ರಬ್ಬಿಯ ಎಡಬದಿಯಲ್ಲೇ ಅವರ ಜಾಗ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಸಾಬಾಗೆ ಮರೆವು ಬಂದಿದೆ. ತಿಂಡಿ ತಿಂದದ್ದು ನೆನಪಿರುವುದಿಲ್ಲ. ಒಂದು ಚಳಿಗಾಲ ಮಗಳು ಕೇಳಿದರು: "ಅಪ್ಪನಿಗೆ ಏನೂ ಉಳಿಯುವುದಿಲ್ಲ. ಸುಮ್ನೆ ಚಳಿಯಲ್ಲಿ ಯಾಕೆ ಕರ್ಕೊಂಡು ಹೋಗ್ತೀಯಾ?" ಪ್ರೀತಿಯಿಂದಲೇ ಕೇಳಿದ್ದು. ನಾನು ಕಂಡದ್ದನ್ನು ಹೇಳಿದೆ. ಮೇಜಿನ ಹತ್ತಿರ ಕೂತಾಗ ಅವರ ಕೈಯ ಚಡಪಡಿಕೆ ನಿಲ್ಲುತ್ತದೆ. ರಬ್ಬಿ ಒಂದು ಸಾಲು ಎತ್ತಿಕೊಂಡರೆ ಉಳಿದದ್ದನ್ನು ಇವರು ಮುಗಿಸುತ್ತಾರೆ. ಪಾಠ ತಪ್ಪಿದ ದಿನ ಸಂಜೆಯಾಗುತ್ತಿದ್ದಂತೆ ಮನೆಯೊಳಗೇ "ಮನೆಗೆ ಹೋಗಬೇಕು" ಅಂತ ಹಟ ಮಾಡುತ್ತಾರೆ.

ಮಗಳು ರಬ್ಬಿಯನ್ನೂ ವಿಚಾರಿಸಿದರು. ಅವರು ತಾಲ್ಮುದ್‌ನಲ್ಲೇ ಇರುವ ಮಾತು ಹೇಳಿದರು. ಪ್ರವಾದಿ ಮೋಶೆ, ದೇವರ ಆಜ್ಞೆಗಳಿದ್ದ, ಒಡೆದ ಕಲ್ಲಿನ ಹಲಗೆಗಳ ಚೂರುಗಳನ್ನು ಎಸೆಯಲಿಲ್ಲ, ಹೊಸ ಹಲಗೆಗಳ ಜೊತೆ ಅದೇ ಪೆಟ್ಟಿಗೆಯಲ್ಲಿ ಇಟ್ಟರು. ಕಲಿತದ್ದನ್ನು ಕಷ್ಟಕ್ಕೆ ಸಿಕ್ಕಿ ಮರೆತ ಹಿರಿಯರನ್ನೂ ಹಾಗೇ ಗೌರವಿಸಬೇಕು. ಮಗಳು ಅಲ್ಲಿಂದ ಮುಂದೆ ಆ ಪ್ರಶ್ನೆ ಕೇಳಲಿಲ್ಲ. ಇನ್ನೂ ದಪ್ಪನೆಯ ಶಾಲು ತಂದುಕೊಟ್ಟರು.

ಮಂಗಳವಾರ ಮಧ್ಯಾಹ್ನ ಒಬ್ಬ ಹಳೆಯ ಗೆಳೆಯರು ಮನೆಗೆ ಬರುತ್ತಾರೆ. ಜೋಡಿಯಾಗಿ ಕೂತು ಓದುವುದಕ್ಕೆ ಹವ್ರುತಾ ಅಂತಾರೆ. 2024ರಲ್ಲಿ ಬಾವಾ ಮೆತ್ಸಿಯಾ ಭಾಗ ಬಂತು. ಅದರ ಆರಂಭವೇ ಸೊಗಸು. ಇಬ್ಬರು ಒಂದೇ ಬಟ್ಟೆ ಹಿಡಿದುಕೊಂಡು ನ್ಯಾಯಕ್ಕೆ ಬರುತ್ತಾರೆ, ಇಬ್ಬರೂ "ಪೂರಾ ನನ್ನದು" ಅನ್ನುತ್ತಾರೆ. ಇದರಲ್ಲಿ ನನ್ನ ಪಾಲು ಅರ್ಧಕ್ಕಿಂತ ಕಡಿಮೆ ಇಲ್ಲ ಅಂತ ಇಬ್ಬರೂ ಆಣೆ ಮಾಡಿ ಹಂಚಿಕೊಳ್ಳಬೇಕು. ಒಬ್ಬ ಪೂರಾ, ಇನ್ನೊಬ್ಬ ಅರ್ಧ ಕೇಳಿದರೆ? ಮೊದಲನೆಯವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು. ಗೆಳೆಯರು ಬೇಕೆಂದೇ ಅರ್ಧ-ಅರ್ಧ ಅಂದರು. ಸಾಬಾ ಹಲಗೆಗೆ ಕೈ ಬಡಿದರು. "ಅರ್ಧದ ಬಗ್ಗೆ ಜಗಳವೇ ಇಲ್ಲವಲ್ಲ! ಉಳಿದ ಅರ್ಧ ಮಾತ್ರ ಹಂಚು!" ನಮ್ಮ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಪಟ್ಟು ಹಿಡಿದ ಹಾಗಿತ್ತು. ಬಿಪಿ ಏರುತ್ತದೆ ಅಂತ ಕೆಲವರು ವಾದ ತಡೆಯುತ್ತಾರೆ. ನಾನು ತಡೆಯುವುದಿಲ್ಲ. ಅವತ್ತು ರಾತ್ರಿ ಅವರು ಪೂರ್ತಿ ಊಟ ಮಾಡುತ್ತಾರೆ.

ಊರಿನಿಂದ ಹೊಸದಾಗಿ ಬರುವ ಹುಡುಗರು ಕೆಲಸದ ಬಗ್ಗೆ ಕೇಳಿದಾಗ ಒಂದು ಮಾತು ಹೇಳುತ್ತೇನೆ. ಮಾತ್ರೆಯ ಪಟ್ಟಿ ಕೇಳುವ ದಿನವೇ ಇದನ್ನೂ ಕೇಳಿ: ಸಾಬಾ ಯಾವ ಪಾಠಕ್ಕೆ ಹೋಗುತ್ತಿದ್ದರು, ಎಷ್ಟು ಗಂಟೆಗೆ, ಯಾರ ಪಕ್ಕ ಕೂರುತ್ತಿದ್ದರು. "ಈಗ ನಿಲ್ಲಿಸಿದ್ದಾರೆ" ಅಂದರೆ ಯಾಕೆ ಅಂತ ಕೇಳಿ. ಬಹಳ ಸಲ ಕಾರಣ ಮೆಟ್ಟಿಲು, ಕಿವಿ ಅಥವಾ ಬಾತ್‌ರೂಮ್ ಆಗಿರುತ್ತದೆ. ಆ ಮೂರಕ್ಕೂ ನಮ್ಮ ಕೈಯಲ್ಲೇ ದಾರಿ ಇದೆ.