ಸ್ವಾಬ್ ಕ್ಲಿಯರ್ ಆಯಿತು, ಟ್ಯೂಬ್ ಉಳಿಯಲಿಲ್ಲ

ಪಿಎಚ್‌ಡಿಗೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಕ್ಲಮೈಡಿಯಾ. ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಅದು. ಹೆಂಗಸರಲ್ಲಿ ಹೆಚ್ಚಿನ ಸಲ ಉರಿ, ನೋವು ಏನೂ ಕಾಣಿಸುವುದಿಲ್ಲ. ಸುಮ್ನೆ ಒಳಗೇ ಇದ್ದು ಮೇಲಕ್ಕೆ ಹತ್ತುತ್ತದೆ. ಎಷ್ಟೋ ವರ್ಷದ ಮೇಲೆ ಮಕ್ಕಳಾಗಲಿಲ್ಲ ಅಂತ ಹೋದಾಗ ಡಾಕ್ಟರು 'ಟ್ಯೂಬ್ ಬ್ಲಾಕ್ ಆಗಿದೆ' ಅನ್ನುತ್ತಾರೆ. ಅಷ್ಟರೊಳಗೆ ಆಕೆ ಮನೆಯವರಿಂದ, ಊರಿನವರಿಂದ ಕೇಳಬಾರದ ಮಾತೆಲ್ಲ ಕೇಳಿರುತ್ತಾಳೆ. ಅಂಡಾಶಯದಿಂದ ಗರ್ಭಕೋಶಕ್ಕೆ ಹೋಗುವ ಆ ಟ್ಯೂಬಿನಲ್ಲಿ ಯಾವಾಗ ಏನಾಯಿತು ಅಂತ ಮನುಷ್ಯರಲ್ಲಿ ತೆರೆದು ನೋಡಲು ಆಗುವುದಿಲ್ಲ. ಅದಕ್ಕೇ ಇಲಿ.

ಮನುಷ್ಯರಿಗೆ ಬರುವ ಕ್ಲಮೈಡಿಯಾ ಟ್ರಕೋಮ್ಯಾಟಿಸ್ ಇಲಿಯ ಯೋನಿಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ, ಟ್ಯೂಬಿನ ತನಕ ಅಷ್ಟಾಗಿ ಹತ್ತುವುದೂ ಇಲ್ಲ. ಹಾಗಾಗಿ ಇಲಿಗಳದ್ದೇ ಆದ ಕ್ಲಮೈಡಿಯಾ ಮ್ಯುರಿಡೇರಮ್ ಬಳಸಿದೆವು. ಅದು ಹತ್ತುತ್ತದೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಸೋಂಕು ತಗುಲಿದ ಮನುಷ್ಯನ ಜೀವಕೋಶ ತನ್ನಲ್ಲಿರುವ ಟ್ರಿಪ್ಟೊಫ್ಯಾನ್ ಅನ್ನುವ ಪೋಷಕಾಂಶವನ್ನು ಖಾಲಿ ಮಾಡಿ ಬ್ಯಾಕ್ಟೀರಿಯಾವನ್ನು ಉಪವಾಸ ಕೆಡವುತ್ತದೆ. ಇಲಿಯ ಜೀವಕೋಶ ಹೋರಾಡುವ ದಾರಿಯೇ ಬೇರೆ. ಇಲಿಯಲ್ಲಿ ಕಂಡದ್ದನ್ನೆಲ್ಲ ಹಾಗೇ ಮನುಷ್ಯರಿಗೆ ಹೇಳಿಬಿಡಬಾರದು ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಇಲಿ ನಾಲ್ಕೈದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆಯಲ್ಲಿದ್ದಾಗ ಯೋನಿಯ ಒಳಪದರ ದಪ್ಪಗಿರುತ್ತದೆ, ಸೋಂಕು ಸರಿಯಾಗಿ ಹಿಡಿಯುವುದಿಲ್ಲ. ಈ ಚಕ್ರ ನಿಲ್ಲಿಸಲು ಒಂದು ವಾರ ಮುಂಚೆಯೇ 2.5 ಮಿಲಿಗ್ರಾಂ ಡೆಪೊ ಇಂಜೆಕ್ಷನ್ ಚರ್ಮದಡಿ ಕೊಡುತ್ತೇವೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 'ಅಂತರಾ' ಅಂತ ಗರ್ಭ ನಿಲ್ಲದಿರಲು ಮೂರು ತಿಂಗಳಿಗೊಮ್ಮೆ ಹೆಂಗಸರಿಗೆ ಹಾಕುತ್ತಾರಲ್ವಾ, ಅದೇ ಔಷಧಿ.

ಮೊದಲ ಬ್ಯಾಚಿನಲ್ಲಿ ನಾನು ಎಡವಿದ್ದು ಇಲ್ಲೇ. 10 ಇಲಿಗಳಲ್ಲಿ ನಾಲ್ಕಕ್ಕೆ ಸೋಂಕೇ ಹಿಡಿಯಲಿಲ್ಲ. ಬ್ಯಾಕ್ಟೀರಿಯಾ ಸತ್ತಿರಬೇಕು ಅಂದುಕೊಂಡು ಎರಡು ವಾರ ಅದರ ಹಿಂದೆಯೇ ಬಿದ್ದೆ. ಕೊನೆಗೆ ನಮ್ಮ ಲ್ಯಾಬಿನ ಸೀನಿಯರ್ ಅಕ್ಕ ಆ ನಾಲ್ಕರ ಯೋನಿಯ ಸ್ಮಿಯರ್ ತೆಗೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಡೆಪೊ ಹಿಡಿದಿದ್ದರೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಗುಂಡು ಕೋಶಗಳು ಕಾಣಬೇಕು. ಎರಡರಲ್ಲಿ ಒಣಗಿದ ಎಲೆಯ ಚೂರುಗಳಂಥ ಕೋಶಗಳಿದ್ದವು. ಬೆದೆ ನಿಂತೇ ಇರಲಿಲ್ಲ. 'ಬಾಟಲಿ ಅಲ್ಲಾಡಿಸಿದ್ಯಾ?' ಅಂದರು. ಡೆಪೊ ನೀರಿನಲ್ಲಿ ಕರಗುವುದಿಲ್ಲ, ಬಿಳಿ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ನಾನು ಒಮ್ಮೆ ಮಾತ್ರ ಅಲ್ಲಾಡಿಸಿದ್ದೆ. ಕೆಲವಕ್ಕೆ ಹೋಗಿದ್ದು ಬರೀ ನೀರು. ಆ 10 ಇಲಿಗಳ ಲೆಕ್ಕವನ್ನು ಪ್ರಾಣಿ ನೀತಿ ಸಮಿತಿಯ ಮುಂದೆ ಇಡುವಾಗ ನನಗೆ ನಿಜಕ್ಕೂ ದುಃಖವಾಯಿತು. ಈಗ ಪ್ರತಿ ಸಿರಿಂಜಿಗೂ ಮುಂಚೆ ಬಾಟಲಿ ಅಲ್ಲಾಡಿಸುತ್ತೇನೆ. ಸ್ಮಿಯರ್ ನೋಡದೆ ಸೋಂಕು ಹಾಕುವುದಿಲ್ಲ.

ಆಮೇಲಿನ ಕೆಲಸಕ್ಕೆ ತಾಳ್ಮೆ ಬೇಕು. ಮೂರ್ನಾಲ್ಕು ದಿನಕ್ಕೊಮ್ಮೆ ಸ್ವಾಬ್. ಇಲಿ ಮುಂಗಾಲಿನಿಂದ ಕಂಬಿ ಹಿಡಿದುಕೊಳ್ಳಲು ಬಿಟ್ಟು, ಬಾಲದ ಬುಡ ಮೆಲ್ಲಗೆ ಎತ್ತಿದರೆ ಅದು ಹೆದರುವುದು ಕಡಿಮೆ. ಸ್ವಾಬಿನಲ್ಲಿ ಬಂದದ್ದನ್ನು ಹೀಲಾ ಕೋಶಗಳ (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕೋಶಗಳು) ಮೇಲೆ ಬೆಳೆಸಿ, ಬಣ್ಣ ಹಾಕಿ, ಹಸಿರಾಗಿ ಹೊಳೆಯುವ ಬ್ಯಾಕ್ಟೀರಿಯಾದ ಗುಂಡುಗಳನ್ನು ಒಂದೊಂದಾಗಿ ಎಣಿಸಬೇಕು. ಮೊದಲ ವಾರ ಎಣಿಸಿ ಮುಗಿಯುವುದಿಲ್ಲ. ನಾಲ್ಕನೇ ವಾರದ ಹೊತ್ತಿಗೆ ಸೊನ್ನೆ.

ಎರಡನೇ ಬ್ಯಾಚಿನಲ್ಲಿ ಎಲ್ಲ ಇಲಿಗಳಿಗೂ ಸೊನ್ನೆ ಬಂದ ದಿನ ಖುಷಿಯಾಗಿತ್ತು. ಇಲಿಗಳು ಚೆನ್ನಾಗಿ ತಿಂದುಕೊಂಡು ಓಡಾಡಿಕೊಂಡಿದ್ದವು. ಸೋಂಕು ಹಾಕಿದ 60ನೇ ದಿನ ಹೊಟ್ಟೆ ತೆರೆದೆ. ಆರೋಗ್ಯವಾಗಿರುವ ಇಲಿಯ ಟ್ಯೂಬ್ ದಾರದ ಗಂಟಿನಷ್ಟು ಚಿಕ್ಕದು, ಹುಡುಕಬೇಕು. ಇಲ್ಲಿ ಹುಡುಕುವುದೇ ಬೇಡವಾಗಿತ್ತು. ಅಂಡಾಶಯದ ಪಕ್ಕದಲ್ಲಿ ಸುಟ್ಟ ಬೊಬ್ಬೆಯ ಹಾಗೆ ನೀರು ತುಂಬಿ ಊದಿಕೊಂಡಿತ್ತು. ಗೋಡೆ ಎಷ್ಟು ತೆಳ್ಳಗೆ ಅಂದರೆ ಕೆಳಗಿಟ್ಟ ಸ್ಕೇಲಿನ ಗೆರೆಗಳು ಅದರ ಮೂಲಕ ಕಾಣುತ್ತಿದ್ದವು. ಎಡಕ್ಕೂ ಹಾಗೇ, ಬಲಕ್ಕೂ ಹಾಗೇ. ಬ್ಯಾಕ್ಟೀರಿಯಾ ಹೋಗಿ ಆಗಲೇ ಒಂದು ತಿಂಗಳಾಗಿತ್ತು.

ನನ್ನ ಈಗಿನ ಪ್ರಶ್ನೆ ಹುಟ್ಟಿದ್ದು ಆ ಟೇಬಲ್ ಮೇಲೆ. ಈಗ ಒಂದು ಪಂಜರದ ಇಲಿಗಳಿಗೆ ಸೋಂಕು ಹಾಕಿದ 3ನೇ ದಿನದಿಂದ ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್, ಇನ್ನೊಂದಕ್ಕೆ 10ನೇ ದಿನದಿಂದ ಕೊಡುತ್ತಿದ್ದೇನೆ. ಎಷ್ಟು ತಡವಾದರೆ ಟ್ಯೂಬ್ ಉಳಿಯುವುದಿಲ್ಲ ಅಂತ ನೋಡಬೇಕಿದೆ.