ಬಿಸಿಲೂರಿನವರು ಅಮೆರಿಕದಲ್ಲಿ ಕಿಟಕಿ ಕೊಳ್ಳುವಾಗ

ಮೇ ತಿಂಗಳಲ್ಲಿ ಊರಿಗೆ ಬಂದಿದ್ದೇನೆ. ಕಲಬುರಗಿಯ ಮಧ್ಯಾಹ್ನ, ಹೊರಗೆ 42 ಡಿಗ್ರಿ. ಅವ್ವ ಬೆಳಿಗ್ಗೆ ಒಂಬತ್ತಕ್ಕೇ ಕಿಟಕಿಗಳ ಕದ ಮುಚ್ಚಿ, ಕೂಲರ್‌ಗೆ ನೀರು ತುಂಬಿದ್ದಾಳೆ. ನೆಲದ ಶಹಾಬಾದ್ ಕಲ್ಲು ಕಾಲಿಗೆ ತಣ್ಣಗಿದೆ. ಸಂಜೆ ಏಳಾದ ಮೇಲೆ ಎಲ್ಲ ಕದ ತೆಗೆಯುತ್ತಾಳೆ, ಮನೆಯಲ್ಲಿ ಗಾಳಿ ಆಡುತ್ತದೆ. ಕಿಟಕಿ ಅಂದ್ರೆ ನಮಗೆ ಚಿಕ್ಕಂದಿನಿಂದ ಇಷ್ಟೇ. ಹಗಲು ಮುಚ್ಚಬೇಕು, ರಾತ್ರಿ ತೆಗೆಯಬೇಕು.

ನಿನ್ನೆ ಸಂಜೆ ಪಕ್ಕದ ಮನೆಯ ಕಾಕಾ ಫೋನ್ ಹಿಡಿದುಕೊಂಡು ಬಂದರು. ಅವರ ಮಗ ಡಲ್ಲಾಸ್ ಹತ್ತಿರ ಹಳೆಯ ಮನೆ ಕೊಂಡಿದ್ದಾನೆ. ಕಿಟಕಿ ಮಾರುವವನೊಬ್ಬ ಮನೆಗೇ ಬಂದು, 14 ಕಿಟಕಿಗೆ 19,000 ಡಾಲರ್ ಹೇಳಿದ್ದಾನೆ. ಇವತ್ತೇ ಸಹಿ ಹಾಕಿದರೆ ರಿಯಾಯಿತಿ ಅಂತಲೂ ಅಂದಿದ್ದಾನೆ. "ಕಿಟಕಿಗೆ ಇಷ್ಟು ರೊಕ್ಕ ಹಾಕ್ತಾರೇನು?" ಅಂತ ಕಾಕಾಗೆ ಗಾಬರಿ. ಅದೇ ಓಣಿಯ ಇನ್ನೊಂದು ಮನೆಯ ಹುಡುಗಿ ಶಿಕಾಗೋದಲ್ಲಿದ್ದಾಳೆ. ಬೀದರಿನ ನನ್ನ ಗೆಳೆಯನ ತಂಗಿ ಸಿಯಾಟಲ್‌ನಲ್ಲಿದ್ದಾಳೆ. ಅವರದ್ದೂ ಇದೇ ಪ್ರಶ್ನೆ. ನಾನು ಹನ್ನೆರಡು ವರ್ಷದಿಂದ ಮಿನಿಯಾಪೊಲಿಸ್‌ನಲ್ಲಿದ್ದೇನೆ. ಒಮ್ಮೆ ತಪ್ಪು ಕಿಟಕಿ ಹಾಕಿಸಿಕೊಂಡು ಹಣ ಕಳೆದುಕೊಂಡಿದ್ದೇನೆ. ನಮ್ಮ ಕಡೆಯವರು ಇನ್ನೊಬ್ಬರು ಹಾಗೆ ಕಳೆದುಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಚೀಟಿ ಓದುವುದನ್ನು ಕಲಿಯಬೇಕು. ಅಮೆರಿಕದಲ್ಲಿ ಹೊಸ ಕಿಟಕಿಯ ಗಾಜಿನ ಮೇಲೆ ಎನ್‌ಎಫ್‌ಆರ್‌ಸಿ ಎಂಬ ಚೀಟಿ ಅಂಟಿಸಿರುತ್ತಾರೆ. ನ್ಯಾಷನಲ್ ಫೆನೆಸ್ಟ್ರೇಷನ್ ರೇಟಿಂಗ್ ಕೌನ್ಸಿಲ್ ಅಂತ ಅದರ ಪೂರ್ತಿ ಹೆಸರು. 1989ರಲ್ಲಿ ಶುರುವಾದ ಲಾಭರಹಿತ ಸಂಸ್ಥೆ ಅದು. ನಮ್ಮಲ್ಲಿ ಎಸಿ, ಫ್ರಿಜ್ ಮೇಲೆ ಸ್ಟಾರ್ ಚೀಟಿ ಇರುತ್ತಲ್ಲ, ಹೆಚ್ಚು ಕಡಿಮೆ ಆ ಥರ. ಆದರೆ ಇದು ಸ್ಟಾರ್ ಕೊಡುವುದಿಲ್ಲ, ಬರೀ ಸಂಖ್ಯೆಗಳನ್ನು ಕೊಡುತ್ತದೆ. ಯಾವ ಕಂಪನಿಯ ಕಿಟಕಿಯಾದರೂ ಅಳೆಯುವ ವಿಧಾನ ಒಂದೇ. ಹಾಗಾಗಿ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಅದರಲ್ಲಿ ಎರಡು ಸಂಖ್ಯೆ ಮುಖ್ಯ. ಒಂದು ಯು-ಫ್ಯಾಕ್ಟರ್. ಒಳಗೂ ಹೊರಗೂ ಉಷ್ಣತೆ ಬೇರೆ ಇದ್ದಾಗ ಕಿಟಕಿಯ ಮೂಲಕ ಶಾಖ ಎಷ್ಟು ಸೋರುತ್ತದೆ ಅಂತ ಅದು ಹೇಳುತ್ತದೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಹಳೆಯ ಒಂಟಿ ಗಾಜಿನ ಕಿಟಕಿಯದು 1ರ ಆಸುಪಾಸು. ಬರೀ ಎರಡು ಗಾಜಿನದು 0.5 ಇರುತ್ತದೆ. ಎರಡು ಗಾಜು, ನಡುವೆ ಆರ್ಗಾನ್ ಅನಿಲ, ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋ-ಇ ಲೋಹದ ಲೇಪ ಇದ್ದರೆ 0.25ರಿಂದ 0.30. ಮೂರು ಗಾಜಿನದು ಇನ್ನೂ ಕೆಳಗೆ ಹೋಗುತ್ತದೆ. ಊರಿನಲ್ಲಿ ಮನೆ ಕಟ್ಟಿಸುವವರು ಈ ಸಂಖ್ಯೆಯನ್ನು ಇಲ್ಲಿನ ಗಾಜಿನ ಕಂಪನಿಗಳ ಯು ಸಂಖ್ಯೆಯ ಜೊತೆ ನೇರವಾಗಿ ಹೋಲಿಸಬೇಡಿ. ಅಮೆರಿಕದ್ದು ಫ್ಯಾರನ್‌ಹೀಟ್ ಮತ್ತು ಅಡಿಯ ಲೆಕ್ಕ. ಅದನ್ನು 5.678ರಿಂದ ಗುಣಿಸಿದರೆ ನಮ್ಮ ಮೆಟ್ರಿಕ್ ಲೆಕ್ಕ ಬರುತ್ತದೆ.

ಮಾರುವವರು ಕೆಲವೊಮ್ಮೆ ಗಾಜಿನ ನಡುಭಾಗದ ಸಂಖ್ಯೆ ಮಾತ್ರ ಹೇಳುತ್ತಾರೆ. ಅದು ಯಾವಾಗಲೂ ಚೆನ್ನಾಗಿ ಕಾಣುತ್ತದೆ. ಶಾಖ ಜಾಸ್ತಿ ಸೋರುವುದು ಚೌಕಟ್ಟಿನಲ್ಲಿ ಮತ್ತು ಗಾಜಿನ ಅಂಚಿನಲ್ಲಿ. ಚೀಟಿಯಲ್ಲಿರುವುದು ಚೌಕಟ್ಟೂ ಸೇರಿ ಇಡೀ ಕಿಟಕಿಯ ಸಂಖ್ಯೆ. ಅದನ್ನೇ ಕೇಳಿ.

ಎರಡನೆಯದು ಎಸ್‌ಎಚ್‌ಜಿಸಿ, ಅಂದರೆ ಸೋಲಾರ್ ಹೀಟ್ ಗೇನ್ ಕೋಎಫಿಶಿಯಂಟ್. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬ ಲೆಕ್ಕ. 0.70 ಅಂದರೆ ನೂರರಲ್ಲಿ ಎಪ್ಪತ್ತು ಒಳಗೆ. 0.23 ಅಂದರೆ ಇಪ್ಪತ್ತಮೂರು. ಇದು ಕಡಿಮೆ ಇದ್ದರೆ ಒಳ್ಳೆಯದೋ ಜಾಸ್ತಿ ಇದ್ದರೆ ಒಳ್ಳೆಯದೋ? ನಾವು ಬಿಸಿಲೂರಿನವರು ಎಡವುವುದು ಇಲ್ಲಿಯೇ.

ಮಿನಿಯಾಪೊಲಿಸ್‌ನ ನನ್ನ ಮನೆಯ ಹಾಲ್‌ಗೆ ದಕ್ಷಿಣಕ್ಕೆ ಮೂರು ದೊಡ್ಡ ಕಿಟಕಿಗಳಿವೆ. ಹಳೆಯವು ಬರೀ ಎರಡು ಗಾಜಿನವು, ಸಂದಿಯಲ್ಲಿ ಗಾಳಿ ನುಗ್ಗುತ್ತಿತ್ತು. ಒಬ್ಬ ಮಾರಾಟಗಾರ ಮೂರು ಗಾಜಿನ, 0.20 ಎಸ್‌ಎಚ್‌ಜಿಸಿ ಇರುವ ಕಿಟಕಿ ತೋರಿಸಿ, ಇದಕ್ಕಿಂತ ಮೇಲಿನದು ಇಲ್ಲ ಅಂದ. ಬಿಸಿಲು ತಡೆಯುತ್ತದೆ ಅಂದ ತಕ್ಷಣ ನಾನು ಒಪ್ಪಿಕೊಂಡೆ. ಬಿಸಿಲನ್ನು ಹೊರಗಿಡುವುದೇ ಒಳ್ಳೆಯ ಮನೆ ಅಂತ ನನ್ನ ಮೈಗೇ ಗೊತ್ತಿತ್ತಲ್ಲ. ಮನೆಯ ಎಲ್ಲ ದಿಕ್ಕಿಗೂ ಅದನ್ನೇ ಹಾಕಿಸಿದೆ. ಗಾಳಿ ನುಗ್ಗುವುದು ನಿಂತಿತು, ಖರೆ. ಆದರೆ ಆ ಜನವರಿಯಲ್ಲಿ ಹಾಲ್ ಸಪ್ಪೆಯಾಯಿತು. ಹಿಂದೆಲ್ಲ ಹೊರಗೆ ಮೈನಸ್ 15 ಇದ್ದರೂ, ಹನ್ನೊಂದು ಗಂಟೆಯ ಬಿಸಿಲು ಕಾರ್ಪೆಟ್ ಮೇಲೆ ಬಿದ್ದರೆ ಅಲ್ಲಿ ಹೀಟರ್ ತಾನಾಗಿಯೇ ನಿಲ್ಲುತ್ತಿತ್ತು. ಹೊಸ ಗಾಜು ಬಂದ ಮೇಲೆ ಬೆಳಕು ಬಂತು, ಬಿಸಿ ಬರಲಿಲ್ಲ. ಮಗಳು ಆ ಜಾಗದಲ್ಲಿ ಕೂತು ಆಡುವುದನ್ನೇ ಬಿಟ್ಟಳು.

ಇದರ ಹಿಂದೆ ಸೂರ್ಯನ ಲೆಕ್ಕವಿದೆ. ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳಲ್ಲಿ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಕಾಯುವುದು ಮಾಳಿಗೆ, ಗೋಡೆಯಲ್ಲ. ಡಿಸೆಂಬರ್‌ನಲ್ಲೂ ಮಧ್ಯಾಹ್ನ 49 ಡಿಗ್ರಿ ಎತ್ತರ ಇರುತ್ತಾನೆ. ಮಿನಿಯಾಪೊಲಿಸ್ ಇರುವುದು 45 ಡಿಗ್ರಿಯಲ್ಲಿ. ಅಲ್ಲಿ ಡಿಸೆಂಬರ್ ಮಧ್ಯಾಹ್ನದ ಸೂರ್ಯ ಬರೀ 21 ಡಿಗ್ರಿ ಮೇಲೆ. ನಮ್ಮೂರಿನ ಸಂಜೆ ನಾಲ್ಕೂವರೆಯ ಬಿಸಿಲಿನ ಹಾಗೆ ಓರೆಯಾಗಿ, ದಕ್ಷಿಣದ ಕಿಟಕಿಯಿಂದ ಕೋಣೆಯ ಒಳಗೋಡೆವರೆಗೂ ಬರುತ್ತದೆ. ಬೇಸಿಗೆಯಲ್ಲಿ ಅದೇ ಸೂರ್ಯ ಎತ್ತರಕ್ಕೆ ಹೋಗುವುದರಿಂದ ಸೂರಿನ ಚಾಚು ಅದನ್ನು ತಡೆಯುತ್ತದೆ. ಹಾಗಾಗಿ ಚಳಿ ಊರಿನ ದಕ್ಷಿಣ ದಿಕ್ಕಿಗೆ ಎಸ್‌ಎಚ್‌ಜಿಸಿ 0.40ಕ್ಕಿಂತ ಮೇಲಿರುವ ಗಾಜು ಬೇಕು. ಉತ್ತರಕ್ಕೆ ಬಿಸಿಲು ಬರುವುದೇ ಕಡಿಮೆ, ಅಲ್ಲಿ ಯು-ಫ್ಯಾಕ್ಟರ್ ಮಾತ್ರ ನೋಡಿ. ಪಶ್ಚಿಮಕ್ಕೆ ಹೆಚ್ಚಿನ ಊರುಗಳಲ್ಲಿ ಕಡಿಮೆ ಎಸ್‌ಎಚ್‌ಜಿಸಿಯೇ ಒಳ್ಳೆಯದು. ಒಂದೇ ಕಂಪನಿಯಲ್ಲಿ ಬೇರೆ ಬೇರೆ ದಿಕ್ಕಿಗೆ ಬೇರೆ ಬೇರೆ ಗಾಜು ಕೊಡಿ ಅಂತ ಕೇಳಬಹುದು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಶಕ್ತಿ ಉಳಿಸುವ ವಸ್ತುಗಳಿಗೆ ಗುರುತು ಕೊಡುವ ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಯೋಜನೆಯ ನಿಯಮದಲ್ಲೂ ಈ ಲೆಕ್ಕ ಇದೆ. ಅದು ದೇಶವನ್ನು ನಾಲ್ಕು ವಲಯ ಮಾಡಿದೆ. ಈಗಿನ ನಿಯಮ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಮಿನಿಯಾಪೊಲಿಸ್, ಶಿಕಾಗೋ, ಸಿಯಾಟಲ್ ಎಲ್ಲ ಉತ್ತರ ವಲಯ. ಅಲ್ಲಿ ಯು 0.22 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಆದರೆ ಎಸ್‌ಎಚ್‌ಜಿಸಿ 0.40 ಅಥವಾ ಜಾಸ್ತಿ ಇದ್ದರೆ ಯು 0.26 ಆದರೂ ನಡೆಯುತ್ತದೆ. ಬಿಸಿಲು ತರುವ ಶಾಖವನ್ನು ಅಲ್ಲಿ ಜಮೆಗೆ ಹಿಡಿಯುತ್ತಾರೆ. ಅದರ ಕೆಳಗಿನ ಉತ್ತರ-ಮಧ್ಯ ವಲಯಕ್ಕೆ ಯು 0.25, ಎಸ್‌ಎಚ್‌ಜಿಸಿ 0.40 ಮೀರಬಾರದು. ಡಲ್ಲಾಸ್, ಅಟ್ಲಾಂಟಾ ದಕ್ಷಿಣ-ಮಧ್ಯ ವಲಯದಲ್ಲಿವೆ. ಅಲ್ಲಿ ಯು 0.28, ಎಸ್‌ಎಚ್‌ಜಿಸಿ 0.23 ಮೀರಬಾರದು. ಹ್ಯೂಸ್ಟನ್, ಫೀನಿಕ್ಸ್ ಇರುವ ದಕ್ಷಿಣ ವಲಯದಲ್ಲಿ ಯು 0.32 ಇದ್ದರೂ ಸಾಕು, ಆದರೆ ಎಸ್‌ಎಚ್‌ಜಿಸಿ ಅದೇ 0.23.

ಅಂದರೆ ಕಾಕಾನ ಮಗ ಡಲ್ಲಾಸ್‌ನಲ್ಲಿ ಅವ್ವನ ಬುದ್ಧಿಯನ್ನೇ ಉಪಯೋಗಿಸಬೇಕು. ಲೆಕ್ಕ ನೋಡಿ. ಬೇಸಿಗೆ ಸಂಜೆ ಪಶ್ಚಿಮದ ಗಾಜಿನ ಮೇಲೆ ಒಂದು ಚದರ ಅಡಿಗೆ ಗಂಟೆಗೆ ಸುಮಾರು 200 ಬಿಟಿಯು (ಅಮೆರಿಕದಲ್ಲಿ ಶಾಖ ಅಳೆಯುವ ಮಾನ) ಶಾಖ ಬೀಳುತ್ತದೆ. ತಲಾ 15 ಚದರ ಅಡಿಯ ನಾಲ್ಕು ಕಿಟಕಿ ಅಂದರೆ 60 ಚದರ ಅಡಿ. ಹಳೆಯ ಒಂಟಿ ಗಾಜು 0.70 ಅಂತ ಹಿಡಿದರೆ ಗಂಟೆಗೆ ಒಳಗೆ ಬರುವುದು 8,400 ಬಿಟಿಯು. ಒಂದು ಟನ್ ಎಸಿ ಗಂಟೆಗೆ ತೆಗೆಯುವುದು 12,000. ಆ ನಾಲ್ಕು ಕಿಟಕಿಗೇ ಮುಕ್ಕಾಲು ಟನ್ ಹತ್ತಿರ ಹೋಯಿತು. 0.23ರ ಗಾಜು ಹಾಕಿದರೆ ಅದು 2,760ಕ್ಕೆ ಇಳಿಯುತ್ತದೆ.

ಗಾಜಿಗಿಂತ ಮೊದಲು ಹೊರಗಿನ ನೆರಳು ನೋಡಿ ಅಂತ ನಾನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಛಜ್ಜಾ, ಖಸ್ ತಟ್ಟಿ, ಪಶ್ಚಿಮಕ್ಕೊಂದು ಬೇವಿನ ಮರ ಇರುವುದು ಸುಮ್ನೆ ಅಲ್ಲ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆ ಎಳೆದರೆ ಶಾಖದ ಬಹುಪಾಲು ಒಳಗೇ ಉಳಿಯುತ್ತದೆ. ಟೆಕ್ಸಾಸ್‌ನಲ್ಲಿ ಕಿಟಕಿಯ ಹೊರಗೆ ಹಾಕುವ, ಬಿಸಿಲು ತಡೆಯುವ ಸೋಲಾರ್ ಸ್ಕ್ರೀನ್ ಎಂಬ ಜಾಲರಿ ಸಿಗುತ್ತದೆ. ಹೊಸ ಕಿಟಕಿಯ ಬೆಲೆಗೆ ಹೋಲಿಸಿದರೆ ಅದು ತುಂಬಾ ಅಗ್ಗ.

ಇನ್ನು ದುಡ್ಡಿನ ಮಾತು. ಅಮೆರಿಕದ ಇಂಧನ ಇಲಾಖೆಯ ಪ್ರಕಾರ ಮನೆ ಬಿಸಿ ಮಾಡಲು, ತಂಪು ಮಾಡಲು ಹೋಗುವ ಶಕ್ತಿಯಲ್ಲಿ ಶೇ. 25ರಿಂದ 30ರಷ್ಟು ಕಿಟಕಿಗಳ ಪಾಲು. ಈ ಮಾತನ್ನು ಹಿಡಿದೇ ಮಾರುವವರು ಬರುತ್ತಾರೆ. ಆದರೆ ಒಂದು ಕಿಟಕಿಗೆ ಎಷ್ಟು ಉಳಿಯುತ್ತದೆ ಅಂತ ನೀವೇ ಲೆಕ್ಕ ಹಾಕಿ. ಶಿಕಾಗೋದ ವರ್ಷದ ಚಳಿಯನ್ನು ಹೀಟಿಂಗ್ ಡಿಗ್ರಿ ಡೇ ಎಂಬ ಅಳತೆಯಲ್ಲಿ (ದಿನದ ಸರಾಸರಿ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕೆಳಗಿತ್ತೋ ಅದನ್ನು ವರ್ಷವಿಡೀ ಕೂಡಿಸಿದ್ದು) ಸುಮಾರು 6,300 ಅಂತ ಹಿಡಿಯಬಹುದು. 15 ಚದರ ಅಡಿಯ ಕಿಟಕಿಯ ಯು 0.50ರಿಂದ 0.25ಕ್ಕೆ ಇಳಿಯಿತು ಅನ್ನಿ. ಆ 0.25ನ್ನು 15ರಿಂದ, 6,300ರಿಂದ, ದಿನದ 24 ಗಂಟೆಯಿಂದ ಗುಣಿಸಿ. ಸುಮಾರು 5,67,000 ಬಿಟಿಯು ಬರುತ್ತದೆ. ಒಂದು ಥರ್ಮ್ ಗ್ಯಾಸ್ ಅಂದರೆ 1,00,000 ಬಿಟಿಯು. ಮನೆ ಬಿಸಿ ಮಾಡುವ ಫರ್ನೇಸ್‌ನಲ್ಲಿ ಸ್ವಲ್ಪ ಪೋಲಾಗುವುದೂ ಸೇರಿ ಆರು ಥರ್ಮ್ ಚಿಲ್ಲರೆ. ಥರ್ಮ್‌ಗೆ ಒಂದೂವರೆ ಡಾಲರ್ ಅಂತ ಹಿಡಿದರೂ ಕಿಟಕಿಗೆ ವರ್ಷಕ್ಕೆ ಒಂಬತ್ತು-ಹತ್ತು ಡಾಲರ್! ಒಂಟಿ ಗಾಜಿನಿಂದ ಬದಲಿಸಿದರೆ 28 ಡಾಲರ್ ಆಸುಪಾಸು. ಕಿಟಕಿಗೆ ಕೊಡುವುದು ಕೂಲಿ ಸೇರಿ ಸಾವಿರದ ಹತ್ತಿರ.

ಅದಕ್ಕೇ ಹೇಳುವುದು. ಬರೀ ಬಿಲ್ ಉಳಿಸಲು ಚೆನ್ನಾಗಿರುವ ಎರಡು ಗಾಜಿನ ಕಿಟಕಿ ಕಿತ್ತು ಹಾಕಬೇಡಿ. ಚೌಕಟ್ಟು ಕೊಳೆತಿದ್ದರೆ, ಮುಚ್ಚಲು ಬರದಿದ್ದರೆ, ಒಂಟಿ ಗಾಜಾಗಿದ್ದರೆ ಬದಲಿಸಿ. ಬದಲಿಸುವುದೇ ಆದರೆ ಒಳ್ಳೆಯ ಗಾಜಿಗೆ ಕೊಡುವ ಹೆಚ್ಚಿನ ಸ್ವಲ್ಪ ಹಣ ಖಂಡಿತ ಸಾರ್ಥಕ. ಉಳಿದವರು ಮೊದಲು ಅಟ್ಟದ ಇನ್ಸುಲೇಷನ್ (ಶಾಖ ತಡೆಯುವ ಪದರ), ಸಂದಿ ಮುಚ್ಚುವುದು, ಒಂಟಿ ಗಾಜಿದ್ದರೆ ಲೋ-ಇ ಸ್ಟಾರ್ಮ್ ವಿಂಡೋ, ಅಂದರೆ ಇರುವ ಕಿಟಕಿಗೇ ಜೋಡಿಸುವ ಇನ್ನೊಂದು ಗಾಜಿನ ಕದ, ನೋಡಿ. ಎರಡು ಗಾಜಿನ ನಡುವೆ ಮಂಜು ಕಟ್ಟಿದ್ದರೆ ಅದರ ಸೀಲ್ ಹೋಗಿದೆ ಅಂತ ಅರ್ಥ. ಆಗ ಗಾಜಿನ ಜೋಡಿಯನ್ನಷ್ಟೇ ಬದಲಿಸಬಹುದು, ಇಡೀ ಕಿಟಕಿ ಬೇಕಿಲ್ಲ. ವಾರಂಟಿ ಇನ್ನೂ ಇದೆಯಾ ಅಂತಲೂ ಕೇಳಿ.

ಮಂಜು ಗಾಜಿನ ಒಳಮೈಗೆ, ಅಂದರೆ ಕೋಣೆಯ ಕಡೆ ಕಟ್ಟಿದರೆ ವಿಷಯ ಬೇರೆ. ನಮ್ಮ ಮನೆಗಳಲ್ಲಿ ತೊಗರಿ ಬೇಳೆ ಕುದಿಯುತ್ತದೆ, ಅನ್ನ ಆಗುತ್ತದೆ, ರೊಟ್ಟಿಗೆ ನೀರು ಕಾಯುತ್ತದೆ. ಆ ಹಬೆ ತಣ್ಣನೆಯ ಗಾಜಿಗೆ ಹೋಗಿ ನೀರಾಗುತ್ತದೆ, ಚೌಕಟ್ಟಿಗೆ ಬೂಷ್ಟು ಹಿಡಿಯುತ್ತದೆ. ಒಲೆ ಮೇಲಿನ ಫ್ಯಾನ್ ಹಬೆಯನ್ನು ಹೊರಗೆ ಕಳಿಸುತ್ತದೋ ಅಥವಾ ಜರಡಿ ಹಿಡಿದು ಮನೆಯೊಳಗೇ ಬಿಡುತ್ತದೋ ನೋಡಿ. ಅಲ್ಲಿನ ಎಷ್ಟೋ ಮನೆಗಳಲ್ಲಿ ಎರಡನೆಯದೇ ಇರುತ್ತದೆ. ಹಾಗಿದ್ದರೆ ಹೊಸ ಕಿಟಕಿಗಿಂತ ಮೊದಲು ಅದನ್ನು ಸರಿ ಮಾಡಿಸಿ.

ಚೌಕಟ್ಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿನೈಲ್ ಎಂಬ ಪ್ಲಾಸ್ಟಿಕ್ ಅಗ್ಗ, ಹೆಚ್ಚಿನವರಿಗೆ ಸಾಕು. ಫೈಬರ್‌ಗ್ಲಾಸ್ ಗಟ್ಟಿ, ಬೆಲೆ ಜಾಸ್ತಿ. ಬರೀ ಅಲ್ಯೂಮಿನಿಯಂ ಚಳಿ ಊರಿಗೆ ಬೇಡ. ಬಾಗಿಲಿನ ಹಾಗೆ ತೆರೆಯುವ ಕೇಸ್‌ಮೆಂಟ್ ಕಿಟಕಿ ಜಾರುವ ಕಿಟಕಿಗಿಂತ ಬಿಗಿಯಾಗಿ ಮುಚ್ಚುತ್ತದೆ.

ಕಾನೂನಿನ ಕೆಲವು ಮಾತು ಮಾತ್ರ ಮರೆಯಬೇಡಿ. ಮಲಗುವ ಕೋಣೆಯ ಕಿಟಕಿ ಬೆಂಕಿ ಬಿದ್ದಾಗ ಹೊರಗೆ ಹಾರುವಷ್ಟು ದೊಡ್ಡದಿರಬೇಕು. ಹಲವು ಕಡೆ ಪಾಲಿಸುವ ಮಾದರಿ ಕಟ್ಟಡ ನಿಯಮದಲ್ಲಿ ತೆರೆದ ಜಾಗ 5.7 ಚದರ ಅಡಿ. ಹಳೆಯ ಚೌಕಟ್ಟಿನೊಳಗೇ ಹೊಸದನ್ನು ಕೂರಿಸಿದರೆ ಜಾಗ ಕಿರಿದಾಗುತ್ತದೆ, ಅದಕ್ಕೇ ನಗರದ ಪರ್ಮಿಟ್ ಕಚೇರಿಯಲ್ಲಿ ಮೊದಲು ಕೇಳಿ. ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ ಇದ್ದರೆ ಅವರನ್ನೂ ಕೇಳಿ. 1978ಕ್ಕಿಂತ ಹಿಂದಿನ ಮನೆಯಲ್ಲಿ ಸೀಸದ ಬಣ್ಣ ಇರಬಹುದು. ಚಿಕ್ಕ ಮಕ್ಕಳಿದ್ದರೆ ಅದರ ಧೂಳು ತುಂಬಾ ಅಪಾಯ. ಅಮೆರಿಕದ ಪರಿಸರ ಸಂಸ್ಥೆಯಾದ ಇಪಿಎ ಪ್ರಮಾಣಪತ್ರ ಇರುವ ಕೆಲಸಗಾರರನ್ನೇ ಕರೆಸಿ. ಕಿಟಕಿಗೆ ಸಿಗುತ್ತಿದ್ದ 600 ಡಾಲರ್‌ವರೆಗಿನ ಕೇಂದ್ರದ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಇನ್ನೂ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ವಿದ್ಯುತ್ ಅಥವಾ ಗ್ಯಾಸ್ ಕಂಪನಿ ಏನಾದರೂ ಕೊಡುತ್ತದಾ ಅಂತ ವಿಚಾರಿಸಿ.

ಮನೆಗೆ ಬಂದು ಮಾಡಿದ ಮಾರಾಟಕ್ಕೆ ಸಹಿ ಹಾಕಿಬಿಟ್ಟಿದ್ದರೂ, ಗ್ರಾಹಕರ ಹಿತ ಕಾಯುವ ಕೇಂದ್ರದ ವ್ಯಾಪಾರ ಆಯೋಗ ಎಫ್‌ಟಿಸಿಯ ನಿಯಮದ ಪ್ರಕಾರ ಮೂರನೇ ಕೆಲಸದ ದಿನದ ಮಧ್ಯರಾತ್ರಿಯೊಳಗೆ ರದ್ದು ಮಾಡಬಹುದು. ಕಾಕಾಗೆ ನಾನು ಮೊದಲು ಹೇಳಿದ್ದು ಇದನ್ನೇ. ಹುಡುಗ ಇನ್ನೂ ಸಹಿ ಹಾಕಿರಲಿಲ್ಲ. ದಿಕ್ಸೂಚಿ ಹಿಡಿದು ಮನೆ ಸುತ್ತ ಒಂದು ಸುತ್ತು ಬಾ, ಯಾವ ಕಿಟಕಿ ಯಾವ ದಿಕ್ಕಿಗಿದೆ ಬರೆದುಕೋ ಅಂದೆ. ಇವತ್ತು ಬೆಳಿಗ್ಗೆ ಅವನ ಮೆಸೇಜ್ ಬಂತು. 14ರಲ್ಲಿ ಪಶ್ಚಿಮಕ್ಕಿರುವುದು ನಾಲ್ಕು, ಅವು ಒಂಟಿ ಗಾಜಿನವು. ಉಳಿದ ಹತ್ತು ಎರಡು ಗಾಜಿನವು, ಚೆನ್ನಾಗಿಯೇ ಇವೆ. ಆ ನಾಲ್ಕಕ್ಕೆ ಮಾತ್ರ ಬೇರೆ ಮೂರು ಕಡೆ ಬೆಲೆ ಕೇಳುತ್ತಿದ್ದಾನೆ.