ಹಳೇ 407ರಲ್ಲಿ ಎಡಗಡೆ ಮೌಂಟಿಂಗ್ ಮೊದಲು ಹೋಗುವುದೇಕೆ, ನಾನು ಹೇಗೆ ಬದಲಿಸಿದೆ

ತಿಪಟೂರಿನಿಂದ ಕೊಬ್ಬರಿ ಸಾಗಿಸುವ ಹಳೆಯ ಟಾಟಾ 407 ನನ್ನದು. ಮನೆಯಲ್ಲಿ ತಮ್ಮನ ಮಾರುತಿ ಓಮ್ನಿಯೂ ಇದೆ. ಎರಡಕ್ಕೂ ಇಂಜಿನ್ ಮೌಂಟಿಂಗ್ ರಬ್ಬರ್, ಅಂದರೆ ಇಂಜಿನ್ ಮತ್ತು ಚಾಸಿ (ಗಾಡಿಯ ಚೌಕಟ್ಟು) ನಡುವೆ ಕೂರುವ ರಬ್ಬರ್ ಬದಲಿಸುವ ಕೆಲಸವನ್ನು ನಮ್ಮ ಅಂಗಳದಲ್ಲೇ ಮಾಡಿದೆ. ಭಾರ ಎತ್ತುವ ಹೊತ್ತಿಗೆ ಊರಿನ ಮೇಸ್ತ್ರಿ ಜೊತೆಗಿದ್ದರು. ಹಳೇ ಗಾಡಿ ಇಟ್ಟುಕೊಂಡವರು ಇಂಜಿನ್ ಬೋರ್ ಮಾಡಿಸಲು, ಪಂಪ್ ಸರ್ವೀಸ್ ಮಾಡಿಸಲು ಹಿಂದೆಮುಂದೆ ನೋಡುವುದಿಲ್ಲ. ಆ ಇಂಜಿನ್ ಯಾವುದರ ಮೇಲೆ ಕೂತಿದೆ ಅಂತ ಬಗ್ಗಿ ನೋಡುವವರು ಮಾತ್ರ ಕಡಿಮೆ.

407 ರಸ್ತೆಗೆ ಬಂದಿದ್ದು 1986ರಲ್ಲಿ. ನನ್ನ ಗಾಡಿಯಲ್ಲಿರುವುದು ನಾಲ್ಕು ಸಿಲಿಂಡರಿನ 497 ಡೀಸೆಲ್ ಇಂಜಿನ್. ನಾಲ್ಕು ಸಿಲಿಂಡರ್ ಅಂದರೆ ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಎರಡು ಸಲ ಫೈರಿಂಗ್, ಅಂದರೆ ಡೀಸೆಲ್ ಉರಿದು ಹೊಡೆಯುವುದು. ಸ್ಲೋದಲ್ಲಿ, ಅಂದರೆ ಆಕ್ಸಲರೇಟರ್ ಒತ್ತದೆ ಇಂಜಿನ್ ನಿಮಿಷಕ್ಕೆ 750 ಸುತ್ತು ಓಡುತ್ತಿದ್ದರೆ ಸೆಕೆಂಡಿಗೆ 25 ಹೊಡೆತ. ಆ ಹೊಡೆತ ಚಾಸಿಗೆ ಇಳಿಯದಂತೆ ತಡೆಯುವುದು ಅಂಗೈಯಗಲದ ರಬ್ಬರ್. ಗಾಡಿ ನಿಂತಿದ್ದಾಗ ಜಾಸ್ತಿ ನಡುಗಿ, ಆಕ್ಸಲರೇಟರ್ ಸ್ವಲ್ಪ ಒತ್ತಿದ ಕೂಡಲೇ ನಡುಕ ಕಡಿಮೆಯಾದರೆ ಮೊದಲು ಈ ರಬ್ಬರ್ ನೋಡಬೇಕು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಒಂದು ಸರಿಯಾಗಿ ಹೊಡೆಯದಿದ್ದರೂ ಹೀಗೇ ಆಗುತ್ತದೆ. ಅದಕ್ಕೇ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡಿ, ಕಾರಣ ಅದಲ್ಲ ಅಂತ ಮೊದಲು ಖಚಿತ ಮಾಡಿಕೊಂಡೆ. ಗಾಡಿಯ ಸ್ಪೀಡ್ ಏರಿದ ಹಾಗೆ ನಡುಕವೂ ಏರಿದರೆ ಅದು ಮೌಂಟಿಂಗ್ ಅಲ್ಲ, ಬಹುಮಟ್ಟಿಗೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರದ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲವೇ ಚಕ್ರ.

ಹರಿದ ಕಡೆ ಯಾವುದು ಅಂತ ಬಿಚ್ಚದೆಯೇ ಗೊತ್ತಾಗುತ್ತದೆ. ಚಕ್ರಗಳಿಗೆ ಮುಂದೆ, ಹಿಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಬಾನೆಟ್ ಎತ್ತಿದೆವು. ತಮ್ಮ ಒಳಗೆ ಕೂತು ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು, ಫಸ್ಟ್ ಗೇರ್ ಹಾಕಿ, ಇಂಜಿನ್ ಸ್ವಲ್ಪ ಬಿಗಿಯುವಷ್ಟು ಮಾತ್ರ ಕ್ಲಚ್ ಬಿಟ್ಟ. ನಾನು ಪಕ್ಕದಲ್ಲಿ ನಿಂತು ನೋಡಿದೆ. ಗಾಡಿಯ ಮುಂದೆಯಾಗಲಿ ಹಿಂದೆಯಾಗಲಿ ಯಾರೂ ನಿಲ್ಲಬಾರದು, ಇದನ್ನು ಒತ್ತಿ ಹೇಳುತ್ತೇನೆ. ಇಂಜಿನ್ ಎಡಗಡೆ ಬ್ರಾಕೆಟ್ಟಿನಿಂದ ಹೆಬ್ಬೆರಳಿನಷ್ಟು ಮೇಲೆದ್ದು, ಕ್ಲಚ್ ಒತ್ತಿದ ಕೂಡಲೇ ‘ಟಕ್’ ಅಂತ ಕೂತಿತು. ರಿವರ್ಸ್ ಹಾಕಿದಾಗ ಬಲಗಡೆ ಅಷ್ಟು ಏಳಲಿಲ್ಲ. ಎಡಗಡೆಯದು ಹರಿದಿದೆ ಅಂತ ಅಲ್ಲೇ ತೀರ್ಮಾನವಾಯಿತು.

ಹೆಚ್ಚಾಗಿ ಎಡಗಡೆಯೇ ಮೊದಲು ಹೋಗುವುದಕ್ಕೆ ಕಾರಣವಿದೆ. ಇಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವ ಗಾಡಿಗಳಲ್ಲಿ, ಶಾಫ್ಟ್ ಒಂದು ಕಡೆ ತಿರುಗಿದರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿ ಎದುರು ದಿಕ್ಕಿಗೆ ಮಗುಚಲು ನೋಡುತ್ತವೆ. ಮುಂದಕ್ಕೆ ಹೋಗುವಾಗ ಎಡ ಮಗ್ಗುಲು ಮೇಲೇಳುತ್ತದೆ, ಬಲ ಮಗ್ಗುಲು ಕೆಳಗೆ ಒತ್ತುತ್ತದೆ. ರಬ್ಬರಿಗೆ ಒತ್ತುವುದನ್ನು ತಾಳುವ ಶಕ್ತಿ ಇದೆ, ಎಳೆಯುವುದನ್ನು ತಾಳುವ ಶಕ್ತಿ ಅಷ್ಟಿಲ್ಲ. ಅದರಲ್ಲೂ ಫಸ್ಟ್ ಗೇರಿನಲ್ಲಿ ಶಾಫ್ಟಿಗೆ ಹೋಗುವ ತಿರುಚುಬಲ ಇಂಜಿನ್ನಿನದರ ಹಲವು ಪಟ್ಟು. ಮಂಗಳೂರಿನಿಂದ ಲೋಡ್ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ, ಜಾಮ್‌ನಲ್ಲಿ ನಿಂತು ಹಾಫ್ ಕ್ಲಚ್‌ನಲ್ಲಿ ಮತ್ತೆ ಮತ್ತೆ ಎತ್ತಿದಾಗ ಆ ರಬ್ಬರ್ ಏನು ಅನುಭವಿಸುತ್ತದೆ ಅಂತ ಈಗ ಅರ್ಥವಾಗುತ್ತದೆ.

ಇದು ಬರೀ ನಡುಕದ ವಿಷಯವೂ ಅಲ್ಲ. 1971ರಲ್ಲಿ ಅಮೆರಿಕದಲ್ಲಿ ಜನರಲ್ ಮೋಟರ್ಸ್ ಕಂಪನಿ ಇದೇ ಕಾರಣಕ್ಕೆ ಸುಮಾರು 67 ಲಕ್ಷ ಶೆವರ್ಲೆ ಕಾರು ಮತ್ತು ಸಣ್ಣ ಟ್ರಕ್‌ಗಳನ್ನು ವಾಪಸ್ ಕರೆಯಬೇಕಾಯಿತು. ಮೌಂಟಿಂಗ್ ಹರಿದು ಇಂಜಿನ್ ಎದ್ದಾಗ ಆಕ್ಸಲರೇಟರ್ ಲಿಂಕ್ ತಾನಾಗಿಯೇ ಎಳೆದುಕೊಂಡು ಗಾಡಿ ನುಗ್ಗುತ್ತಿತ್ತು. ನಮ್ಮ ಹಳೇ ಗಾಡಿಗಳಲ್ಲೂ ಇಂಜಿನ್ ಎದ್ದರೆ ಫ್ಯಾನ್ ಹೋಗಿ ರೇಡಿಯೇಟರಿಗೆ ತಾಗಬಹುದು, ಹೋಸ್ ಕಿತ್ತುಬರಬಹುದು, ಸೈಲೆನ್ಸರ್ ಪೈಪ್ ಬಿರುಕು ಬಿಡಬಹುದು. ‘ಹಳೇ ಗಾಡಿ ಅಲ್ವಾ, ನಡುಗುತ್ತೆ ಬಿಡಿ’ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ.

ಬಿಚ್ಚುವುದಕ್ಕಿಂತ ಸರಿಯಾದ ರಬ್ಬರ್ ಹುಡುಕುವುದೇ ದೊಡ್ಡ ಕೆಲಸ. ಬೆಂಗಳೂರಿಗೆ ಲೋಡ್ ಇಳಿಸಲು ಹೋದಾಗ ಜೆ.ಸಿ. ರೋಡಿನ ಅಂಗಡಿಗಳಲ್ಲಿ ಹಳೇ ಪೀಸ್ ಕೈಯಲ್ಲಿ ಹಿಡಿದು ತಿರುಗಿದೆ. ಕಂಪನಿ ಪೀಸ್ ಇರುತ್ತದೆ, ಬೇರೆಯವರು ಮಾಡಿದ್ದು ಇರುತ್ತದೆ, ಹಳೇ ಕಬ್ಬಿಣಕ್ಕೆ ಹೊಸ ರಬ್ಬರ್ ಕೂರಿಸಿದ ರೀಮೋಲ್ಡೂ ಸಿಗುತ್ತದೆ. ಒಬ್ಬರು ಅಂಗಡಿಯವರು ಒಂದು ಪೀಸ್ ಕೊಟ್ಟು, ‘ಕಲ್ಲಿನ ಹಾಗಿದೆ, ಜೀವಮಾನ ಬರುತ್ತೆ’ ಅಂದರು. ನಾನು ಅದನ್ನು ವಾಪಸ್ ಇಟ್ಟೆ. ಕಲ್ಲಿನ ಹಾಗಿರುವ ರಬ್ಬರ್ ಮೌಂಟಿಂಗ್ ಕೆಲಸವನ್ನೇ ಮಾಡುವುದಿಲ್ಲ. ಅದು ಬಗ್ಗಬೇಕು, ಬಗ್ಗಿ ಹೊಡೆತ ನುಂಗಬೇಕು. ಗಟ್ಟಿಯಾದಷ್ಟೂ ಸ್ಲೋದಲ್ಲಿನ ಆ 25 ಹೊಡೆತ ನೇರ ಚಾಸಿಗೆ ಹೋಗುತ್ತದೆ. ಟೈರ್ ಕತ್ತರಿಸಿ ತುಂಡು ತುರುಕುವುದೂ ಇದೇ ಕಥೆ. ಕೆಲವು ದಿನ ಸದ್ದು ನಿಂತಂತೆ ಕಾಣುತ್ತದೆ. ಆಮೇಲೆ ಬ್ರಾಕೆಟ್ ವೆಲ್ಡಿಂಗ್ ಬಿಡುತ್ತದೆ, ಕ್ಯಾಬಿನ್ ಸ್ಕ್ರೂ ಒಂದೊಂದೇ ಉದುರುತ್ತವೆ.

ನಾನು ನೋಡಿ ತಗೊಂಡಿದ್ದು ಹೀಗೆ. ಅಂಚನ್ನು ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಾಗಿ ವಾಪಸ್ ಬರಬೇಕು. ರಬ್ಬರ್ ಕಬ್ಬಿಣಕ್ಕೆ ಅಂಟಿದ ಗೆರೆ ಸುತ್ತಲೂ ಒಂದೇ ಸಮ ಇರಬೇಕು, ಎಲ್ಲೂ ಸಂದು ಬಿಟ್ಟಿರಬಾರದು. ಬೋಲ್ಟ್ ತೂತುಗಳ ಅಂತರ ಮತ್ತು ಒಟ್ಟು ಎತ್ತರ ಹಳೇ ಪೀಸಿನ ಪಕ್ಕ ಇಟ್ಟು ಅಳೆಯಬೇಕು. ಎತ್ತರದ ವಿಷಯದಲ್ಲಿ ಹುಷಾರು: ಹಳೇ ರಬ್ಬರ್ ಕುಗ್ಗಿರುತ್ತದೆ, ಹೊಸದು ಸ್ವಲ್ಪ ಎತ್ತರ ಇರುವುದೇ ಸರಿ. ಇನ್ನೊಂದು, ರಬ್ಬರ್ ಅಂಗಡಿಯಲ್ಲಿ ಕೂತಲ್ಲೇ ಮುದಿಯಾಗುತ್ತದೆ. ಪೊಟ್ಟಣದ ಮೇಲೆ ತಯಾರಾದ ತಿಂಗಳು ಇದ್ದರೆ ಓದಿ. ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕು ಕಂಡರೆ, ಪೊಟ್ಟಣ ಎಷ್ಟೇ ಹೊಸದಿದ್ದರೂ ಬೇಡ. ಹರಿದಿದ್ದು ಎಡಗಡೆ ಒಂದೇ ಆದರೂ ಮುಂದಿನ ಎರಡನ್ನೂ ಜೋಡಿಯಾಗಿ ತಂದೆ. ಒಂದು ಹೊಸದು, ಒಂದು ಕುಗ್ಗಿದ್ದು ಇದ್ದರೆ ಇಂಜಿನ್ ವಾಲುತ್ತದೆ, ಹೊಸದರ ಮೇಲೇ ಭಾರ ಬೀಳುತ್ತದೆ.

ಕೆಲಸದ ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ಡೀಸೆಲ್ ಬಿಟ್ಟು ನೆನೆಯಲು ಬಿಟ್ಟಿದ್ದೆ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಬ್ಯಾಟರಿಯ ನೆಗೆಟಿವ್ ವೈರ್ ತೆಗೆದೆವು. ಇಂಜಿನ್ ತಳದ ಆಯಿಲ್ ಚೇಂಬರ್ ಕೆಳಗೆ ಜಾಕನ್ನು ನೇರವಾಗಿ ಇಟ್ಟರೆ ಚೇಂಬರ್ ತಗ್ಗಾಗಿ ಒಳಗೆ ಹೋಗುತ್ತದೆ. ಮೇಸ್ತ್ರಿ ಅಗಲವಾದ ಜಾಲಿ ಮರದ ಹಲಗೆ ಕೊಟ್ಟು, ಅದರ ಮೇಲೆ ಭಾರ ಹರಡುವ ಹಾಗೆ ಜಾಕ್ ಕೂರಿಸಿದರು. ‘ಎತ್ತಬೇಡ ಕಣಪ್ಪ, ಭಾರ ತಗೋ ಅಷ್ಟೇ’ ಅಂದರು. ಅಂದರೆ ಬೋಲ್ಟ್ ಕೈಯಲ್ಲಿ ತಿರುಗುವಷ್ಟು ಮಾತ್ರ. ಅದಕ್ಕಿಂತ ಎತ್ತಿದರೆ ಫ್ಯಾನ್, ಹೋಸ್, ಡೀಸೆಲ್ ಪೈಪ್ ಎಲ್ಲಾ ಎಳೆಯುತ್ತವೆ. ಎಡಗಡೆ ಬಿಚ್ಚುವಾಗ ಬಲಗಡೆಯದನ್ನು ಸಡಿಲ ಮಾತ್ರ ಮಾಡಿ, ಇಂಜಿನ್ ಜರುಗದಂತೆ ಬೋಲ್ಟ್ ಅಲ್ಲೇ ಬಿಟ್ಟಿದ್ದೆವು. ಬ್ರಾಕೆಟ್ ಮತ್ತು ಚಾಸಿ ನಡುವೆ ಬೆರಳು ಹಾಕಲೇಬಾರದು. ಪೀಸ್ ಸರಿಸಲು ಲಿವರ್ ಬಳಸಿ.

ಹೊರಬಂದ ಎಡಗಡೆಯ ಪೀಸ್ ಎರಡು ಹೋಳಾಗಿತ್ತು. ರಬ್ಬರ್ ಉಬ್ಬಿ, ಒರೆಸಿದರೆ ಕೈಗೆ ಕಪ್ಪಗೆ ಹತ್ತುತ್ತಿತ್ತು. ಹೀಗೆ ಉಬ್ಬಿದರೆ ಎಣ್ಣೆ ತಿಂದಿದೆ ಅಂತಲೇ ಅರ್ಥ. ನ್ಯಾಚುರಲ್ ರಬ್ಬರಿಗೆ ಎಣ್ಣೆ, ಡೀಸೆಲ್ ಆಗುವುದಿಲ್ಲ. ಮೇಲೆ ನೋಡಿದರೆ ಇಂಜಿನ್ ತಲೆ ಮುಚ್ಚುವ ಟ್ಯಾಪೆಟ್ ಕವರ್‌ನ ಪ್ಯಾಕಿಂಗಿನಿಂದ ಆಯಿಲ್ ಜಿನುಗಿ ಅಲ್ಲಿಗೇ ಇಳಿಯುತ್ತಿತ್ತು. ಹೊಸ ಪ್ಯಾಕಿಂಗ್ ತಂದು ಹಾಕಿದ ಮೇಲೆಯೇ ಹೊಸ ಮೌಂಟಿಂಗ್ ಮುಟ್ಟಿದೆವು. ಸೋರಿಕೆ ಹಾಗೇ ಬಿಟ್ಟು ಹೊಸ ರಬ್ಬರ್ ಹಾಕಿದರೆ ಸುಮ್ನೆ ದುಡ್ಡು ದಂಡ. ಬ್ರಾಕೆಟ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿರುಕು ಇದೆಯಾ ನೋಡಿದೆವು. ಬೋಲ್ಟಿನ ಒಂದು ತೂತು ಮೊಟ್ಟೆಯಾಕಾರಕ್ಕೆ ಸವೆದಿತ್ತು. ಅದಕ್ಕೆ ದಪ್ಪ ವಾಷರ್ ಇಟ್ಟು ವೆಲ್ಡ್ ಮಾಡಿಸಿ ಸರಿಮಾಡಿದೆವು. ಹಳೇ ಬೋಲ್ಟ್ ಮತ್ತೆ ಹಾಕಲಿಲ್ಲ. ತಲೆ ಮೇಲೆ ಬೋಲ್ಟಿನ ಗಟ್ಟಿತನ ತಿಳಿಸುವ 8.8 ಗುರುತಿದ್ದ ಹಳೇ ಬೋಲ್ಟಿನ ಜಾಗಕ್ಕೆ ಅದೇ ಗುರುತಿನ ಹೊಸದು ಬಂತು.

ಕೂರಿಸುವಾಗ ಒಂದು ಕ್ರಮ ಇದೆ, ಅದನ್ನು ಬಿಟ್ಟರೆ ಹೊಸ ರಬ್ಬರೂ ಬೇಗ ಹರಿಯುತ್ತದೆ. ಎಲ್ಲಾ ಬೋಲ್ಟನ್ನೂ ಮೊದಲು ಕೈಯಲ್ಲೇ ಹತ್ತಿಸಬೇಕು. ಜಾಕ್ ಇಳಿಸಿ ಇಂಜಿನ್ ಭಾರ ರಬ್ಬರ್ ಮೇಲೆ ಬರಲಿ. ನಂತರ ನಟ್ ಕಳಚದಷ್ಟು ಹದವಾಗಿ ಮುಟ್ಟಿಸಿ, ಬ್ಯಾಟರಿ ಕೊಟ್ಟು, ನ್ಯೂಟ್ರಲ್‌ನಲ್ಲಿ ಸ್ಲೋದಲ್ಲಿ ಸ್ವಲ್ಪ ಹೊತ್ತು ಓಡಿಸಬೇಕು. ಇಂಜಿನ್ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಆಫ್ ಮಾಡಿ ಆಮೇಲೆ ಪೂರ್ತಿ ಟೈಟ್. ಮೊದಲೇ ಬಿಗಿದರೆ ರಬ್ಬರ್ ತಿರುಚಿಕೊಂಡ ಸ್ಥಿತಿಯಲ್ಲೇ ಉಳಿಯುತ್ತದೆ. ಒಂದೆರಡು ಲೋಡ್ ಹೊಡೆದ ಮೇಲೆ ಮತ್ತೆ ಸ್ಪ್ಯಾನರ್ ಹಾಕಿ ನೋಡಿದಾಗ ಎರಡು ನಟ್ ಇನ್ನೂ ಸ್ವಲ್ಪ ತಿರುಗಿದವು. ಹೊಸ ರಬ್ಬರ್ ಕೂರುವಾಗ ಅದು ಸಹಜ.

ಓಮ್ನಿ ಕೆಲಸ ಹಗುರ. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ ಮುಂದಿನ ಸೀಟಿನ ಕೆಳಗೇ ಇದೆ. ಹಾಗಾಗಿ ಮೌಂಟಿಂಗ್ ಹೋದರೆ ನಡುಕ ನೇರ ಸೊಂಟಕ್ಕೇ ಬರುತ್ತದೆ, ಯಾರೂ ಹೇಳಬೇಕಿಲ್ಲ. ಮೂರು ಸಿಲಿಂಡರ್ ಆದ್ದರಿಂದ ಹೊಸದು ಹಾಕಿದರೂ ಸ್ಲೋದಲ್ಲಿ ಸ್ವಲ್ಪ ಕುಲುಕಾಟ ಉಳಿಯುತ್ತದೆ. ಅದನ್ನು ನಿಲ್ಲಿಸಲು ಗಟ್ಟಿ ರಬ್ಬರ್ ಹುಡುಕಬೇಡಿ. ಗೇರ್‌ಬಾಕ್ಸ್ ಕಡೆಯ ರಬ್ಬರನ್ನೂ ಅದೇ ಸಲ ಬದಲಿಸಿದ್ದಕ್ಕೆ ಗೇರ್ ಬೀಳುವುದು ನಯವಾಯಿತು.

407ಗೆ ಕೊನೆಯಲ್ಲಿ ಮೇಸ್ತ್ರಿ ಸಲಹೆಯಂತೆ ಎಡಗಡೆ ಇಂಜಿನ್ ಬ್ರಾಕೆಟ್ಟಿನಿಂದ ಚಾಸಿಗೆ ಒಂದು ಸಣ್ಣ ಉಕ್ಕಿನ ಸರಪಳಿ ಕಟ್ಟಿಸಿದೆ. ರಬ್ಬರ್ ದಾರಿಯಲ್ಲಿ ಹರಿದರೂ ಇಂಜಿನ್ ಮೇಲೇಳದಿರಲಿ ಅಂತ. ಇಂಜಿನ್ ಸಹಜವಾಗಿ ಕುಲುಕುವಾಗ ಸರಪಳಿ ಬಿಗಿಯಬಾರದು, ಅಷ್ಟು ಸಡಿಲ ಬಿಡಬೇಕು. ಬಿಗಿದರೆ ನಡುಕ ಅದರ ಮೂಲಕವೇ ಚಾಸಿಗೆ ಹೋಗುತ್ತದೆ. ಆಯಿಲ್ ಬದಲಿಸಲು ಗಾಡಿ ಕೆಳಗೆ ಇಳಿದಾಗಲೆಲ್ಲ ಆ ಸರಪಳಿ ಕೈಯಲ್ಲಿ ಅಲ್ಲಾಡಿಸಿ ನೋಡುತ್ತೇನೆ, ಪಕ್ಕದ ರಬ್ಬರನ್ನು ಒಣ ಬಟ್ಟೆಯಲ್ಲಿ ಒರೆಸುತ್ತೇನೆ.